ಕಲಬುರಗಿ, ಬೀದರ್, ಯಾದಗಿರಿ ಮದ್ವಿ ಫೋಟೋಗ್ರಾಫರ್‌ಗಳಿಗೆ: ನಮ್ಮೂರಿನ ಮದ್ವಿ ಹಿಡ್ಕೊಂಡೇ ಮುಂದ ಬೆಳ್ಯೋದು ಹ್ಯಾಂಗ

ಹೋದ ಸೀಜನ್‌ನ್ಯಾಗ ಒಂದೇ ವಾರದಾಗ ಮೂರು ಮನಿಯವ್ರು ನನ್ನ ಹತ್ರ ಬಂದು ಮೊಬೈಲ್ ತೆಗ್ದು ಒಂದೇ ರೀಲ್ ತೋರ್ಸಿದ್ರು. ರಾಜಸ್ಥಾನದ ಯಾವ್ದೋ ಅರಮನಿ, ಕೆರಿ, ದೋಣಿ, ಹುಡುಗಿ ಉದ್ದನ ಗೌನ್ ಹಾಕ್ಕೊಂಡು ಓಡ್ತಾಳ, ನಮಗೂ ಹಿಂಗೇ ಬೇಕ್ರಿ ಅಂದ್ರು. ಇಬ್ರಿಗೆ ಹಂಗೇ ಮಾಡಿ ಕೊಟ್ಟೆ. ಮೂರನೇ ಹುಡುಗ ಆಳಂದ ಕಡಿಯವ, ಅವನ ಹೊಲದಾಗ ತೊಗರಿ ಹೂ ಬಿಟ್ಟಿತ್ತು, ನಾನೇ ಒತ್ತಾಯ ಮಾಡಿ ಅಲ್ಲಿಗೆ ಕರ್ಕೊಂಡು ಹೋದೆ, ಸಂಜಿ ಐದು ಗಂಟೆ ಬಿಸಲಿಗೆ ಆ ಹಳದಿ ಹೂವಿನ ನಡುವ ಹುಡುಗಿ ಇಳಕಲ್ ಸೀರಿ ಉಟ್ಕೊಂಡು ನಿಂತಿದ್ದು ಒಂದು ಫೋಟೋ ಅದ, ಆ ಫೋಟೋ ನೋಡಿ ಅವ್ರ ಬೀಗರ ಕಡಿಯಿಂದನೇ ನನಗ ಇನ್ನೂ ನಾಕು ಮದ್ವಿ ಬಂದ್ವು. ಅರಮನಿ ಸ್ಟೈಲ್‌ನ್ಯಾಗ ಮಾಡಿದ್ದು ಎರಡೂ ಛಲೋನೇ ಆಗಿದ್ವು, ಆದ್ರ ಅವನ್ನ ನೋಡಿ ಒಂದು ಫೋನೂ ಬರ್ಲಿಲ್ಲ.

ಆವಾಗಿಂದ ನಾನು ಈ ಲೈನ್‌ಗೆ ಹೊಸದಾಗಿ ಬರೋ ಹುಡುಗರಿಗೆ ಹೇಳೋದು ಒಂದೇ, ಹೈದ್ರಾಬಾದ್ ಬೆಂಗಳೂರಿನ ದೊಡ್ಡ ಟೀಮ್‌ಗಳ ಹತ್ರ ನಮ್ಗಿಂತ ದೊಡ್ಡ ಕ್ಯಾಮೆರಾ ಅವ, ನಮ್ಗಿಂತ ಜಾಸ್ತಿ ರೊಕ್ಕ ಅದ, ಆದ್ರ ನಮ್ಮ ಮದ್ವಿಯೊಳಗ ಮುಂದ ಏನ್ ಆಗ್ತದ ಅನ್ನೋದು ಅವ್ರಿಗೆ ಗೊತ್ತಿಲ್ಲ, ನಮಗ ಗೊತ್ತದ. ಅದೇ ನಮ್ಮ ಬಂಡವಾಳ. ಅದನ್ನ ಹ್ಯಾಂಗ ಬಳಸ್ಕೋಬೇಕು ಅಂತ ಒಂದೊಂದೇ ಹೆಜ್ಜಿ ಹಿಡಿದು ಬರೀತೀನಿ.

ಪೈಲೆ ಕ್ಯಾಲೆಂಡರ್ ಹರವ್ಕೊಂಡು ಕೂಡ್ರಿ

ಭಾಳ ಮಂದಿ ಆಷಾಢ ಬಂತು ಅಂದ್ರ ಅಂಗಡಿ ಶಟರ್ ಅರ್ಧ ಎಳ್ದು ಕೂಡ್ತಾರ. ಹಂಗ ಮಾಡ್ಬ್ಯಾಡ್ರಿ. ನಮ್ಮ ಮೂರು ಜಿಲ್ಲಾದಾಗ ಎಲ್ಲಾ ಜಾತಿ ಧರ್ಮದ ಮಂದಿ ಇದ್ದಾರ, ಒಬ್ರಿಗೆ ಮದ್ವಿ ಇಲ್ಲದ ಕಾಲ ಇನ್ನೊಬ್ರಿಗೆ ಮದ್ವಿ ಕಾಲ. ಆಷಾಢ, ಧನುರ್ಮಾಸ, ಅಧಿಕ ಮಾಸ ಹಿಂದೂ ಮನಿಗಳಾಗ ಸಾಮಾನ್ಯವಾಗಿ ಮದ್ವಿ ಇಟ್ಕೊಳ್ಳಂಗಿಲ್ಲ. ಮುಸ್ಲಿಂ ಮನಿಗಳಾಗ ರಮ್ಜಾನ್ ಮತ್ತ ಮೊಹರಂ ತಿಂಗಳು ಬಿಟ್ರ ಉಳಿದಾಗ ಶಾದಿ ನಡೀತಾವ, ಮತ್ತ ಅವ್ರ ಚಾಂದ್ರಮಾನ ಕ್ಯಾಲೆಂಡರ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕ ಸರೀತದ, ಅಂದ್ರ ಹೋದ ವರ್ಷದ ಲೆಕ್ಕ ಈ ವರ್ಷ ನಡೆಯಂಗಿಲ್ಲ. ಬೌದ್ಧ ಪದ್ಧತಿಯವ್ರು, ಬಸವ ತತ್ವದ ಪ್ರಕಾರ ಮಾಡೋರು ಭಾಳ ಮಂದಿ ಮುಹೂರ್ತಾನೇ ನೋಡಂಗಿಲ್ಲ, ರಜಾ ದಿನ ಭಾನುವಾರ ಹಿಡೀತಾರ. ಒಂದು ದೊಡ್ಡ ಗ್ವಾಡಿ ಕ್ಯಾಲೆಂಡರ್ ತಗೊಂಡು ಇವೆಲ್ಲಾ ಬ್ಯಾರೆ ಬ್ಯಾರೆ ಬಣ್ಣದ ಪೆನ್‌ನಿಂದ ಗುರ್ತು ಹಾಕ್ರಿ, ಖಾಲಿ ಅನ್ಕೊಂಡಿದ್ದ ತಿಂಗಳು ಎಷ್ಟು ತುಂಬ್ತಾವ ಅಂತ ನೀವೇ ನೋಡ್ತೀರಿ.

ಉಳಿದ ಖಾಲಿ ಜಾಗಕ್ಕ ಕುಬಸ (ಬಸುರಿಗೆ ಮಾಡೋ ಸೀಮಂತ), ತೊಟ್ಟಿಲು, ಜಾವಳ, ಮನಿ ಓಪನಿಂಗು, ಅರವತ್ತು ವರ್ಷದ ಶಾಂತಿ, ಕಾಲೇಜು ಫಂಕ್ಷನ್, ಮಠದ ಜಾತ್ರಿ, ಇವೆಲ್ಲಾ ಅವ. ಕುಬಸ ಅಂತೂ ಈಗ ಸಣ್ಣ ಮದ್ವಿ ಆಗೇದ, ಹಸಿರು ಸೀರಿ, ಹಸಿರು ಬಳಿ, ಹೂವಿನ ದಂಡಿ, ಎರಡೂ ಕಡಿ ಬೀಗರು, ಮೂರ್ನಾಕು ತಾಸಿನ ಕೆಲಸ, ಒಬ್ಬರೇ ಹೋಗಿ ಮಾಡ್ಕೊಂಡು ಬರಬಹುದು.

ಆಮ್ಯಾಲ ಮನಿಗೆ ಹೋಗ್ರಿ, ಫೋನ್‌ನ್ಯಾಗ ಮುಗಿಸಬ್ಯಾಡ್ರಿ

ಬುಕಿಂಗ್ ಆದ ಕೂಡ್ಲೇ ಒಂದು ದಿನ ಅವ್ರ ಮನಿಗೆ ಹೋಗಿ ಒಂದು ತಾಸು ಕೂತು ಮಾತಾಡ್ರಿ. ಹುಡುಗ ಹುಡುಗಿ ಕೂಡ ಅಷ್ಟೇ ಅಲ್ಲ, ಮನಿಯಾಗ ಶಾಸ್ತ್ರ ಯಾರು ಮಾಡಸ್ತಾರ ಆ ಅಜ್ಜಿನೋ ದೊಡ್ಡವ್ವನೋ ಅವ್ರ ಹತ್ರ ಕೂಡ್ರಿ. "ನಿಮ್ಮಲ್ಲಿ ಹಂದರ ಯಾವಾಗ ಹಾಕ್ತೀರಿ, ಹಂದರದ ಹಾಲಗಂಬ ಯಾರು ತರ್ತಾರ, ಸುರಗಿ ಎಲ್ಲಿ, ಗುಗ್ಗಳ ಅದನೋ ಇಲ್ಲೋ" ಅಂತ ಕೇಳ್ರಿ. ಅವ್ರು ಹೇಳಿದ್ದು ಹೇಳಿದ ಕ್ರಮದಾಗೇ ಬರ್ಕೋರಿ. ಎಷ್ಟೋ ಮದ್ವಿ ವಿಡಿಯೋದಾಗ ಹಂದರ, ಸುರಗಿ ಇರಂಗೇ ಇಲ್ಲ, ಯಾಕಂದ್ರ ಫೋಟೋಗ್ರಾಫರ್ ಬಂದಿದ್ದೇ ಹಾಲ್‌ಗೆ, ಸ್ಟೇಜ್ ಮ್ಯಾಲಿನ ಆರ್ಕಿಡ್ ಹೂವಿನ ಮುಂದ. ಖರೇ ಮದ್ವಿ ಹಿಂದಿನ ದಿನ ಮನಿ ಅಂಗಳದಾಗ ಆಗಿಹೋಗಿರ್ತದ.

ಸುರಗಿ ಒಳಗ ನಾಕೂ ಮೂಲಿಗೆ ತಂಬಿಗಿ ಇಟ್ಟು ದಾರ ಸುತ್ತಿ ಮದುಮಕ್ಕಳನ್ನ ನಡುವ ಕೂಡ್ಸಿ ನೀರು ಹಾಕ್ತಾರಲ್ಲ, ಅದಕ್ಕ ಮ್ಯಾಲಿಂದ ಒಂದು ಫ್ರೇಮ್ ಬೇಕೇ ಬೇಕು, ಬಾಜೂ ಮನಿ ಮಾಳಗಿ ಹತ್ತೋಕೆ ಮೊದ್ಲೇ ಕೇಳಿ ಇಟ್ಕೋರಿ, ಹತ್ತಿದ ಮ್ಯಾಲ ವೈಡ್ ಲೆನ್ಸ್‌ನಿಂದ ದಾರದ ಚೌಕ ಪೂರ್ತಿ ಬರಂಗ ಹಿಡೀರಿ. ಶಾಹಾಬಾದ್ ಕಲ್ಲಿನ ಫರ್ಸಿ ಇದ್ರಂತೂ ಆ ಬೂದಿ ಬಣ್ಣದ ಮ್ಯಾಲ ಅರಿಷಿಣ ಎದ್ದು ಕಾಣ್ತದ. ಗುಗ್ಗಳ, ಅಂದ್ರ ವೀರಭದ್ರ ದೇವರ ಮೆರವಣಿಗಿ, ಇದ್ರ ಪುರವಂತರು (ವೀರಭದ್ರನ ವೇಷ ಹಾಕಿ ಕುಣಿಯೋರು) ಒಡಪು ಹೇಳೋ ಹೊತ್ತಿಗೆ ಅವ್ರ ಮುಖದ ಎದುರಿಗೆ ಫ್ಲ್ಯಾಶ್ ಹೊಡೀಬ್ಯಾಡ್ರಿ, ಹೊಗಿ ಅದ, ಎದುರಿನ ಫ್ಲ್ಯಾಶ್‌ಗೆ ಹೊಗಿ ಬೆಳ್ಳಗಾಗಿ ಮುಖಾನೇ ಮುಚ್ತದ, ಒಂದು ಸಣ್ಣ ಎಲ್‌ಇಡಿ ಲೈಟ್ ಕೊಟ್ಟು ನಿಮ್ಮ ಅಸಿಸ್ಟಂಟ್ ಹುಡುಗನ್ನ ಅವ್ರ ಹಿಂದ ಓರೆಯಾಗಿ ನಿಲ್ಲಸ್ರಿ, ಅದೇ ಹೊಗಿ ಹೊಳೀತದ.

ಲಂಬಾಣಿ ತಾಂಡಾದ ಮದ್ವಿ ಬ್ಯಾರೆನೇ. ಹೆಣ್ಮಕ್ಕಳ ಕಾಂಚಳಿ (ಕುಪ್ಪಸ) ಫೇಟಿಯಾ (ಲಂಗ) ತುಂಬ ಕನ್ನಡಿ ಇರ್ತಾವ, ಎದುರಿಗೆ ಫ್ಲ್ಯಾಶ್ ಬಿಟ್ರ ಫೋಟೋ ತುಂಬ ಬಿಳಿ ಚುಕ್ಕಿ ಬೀಳ್ತಾವ, ಬಾಜೂ ಕಡಿಯಿಂದ ಬೆಳಕು ಕೊಡ್ರಿ ಇಲ್ಲಾಂದ್ರ ಸಂಜಿ ಬಿಸಲಿಗೇ ತೆಗೀರಿ. ಮತ್ತ ಮದುಮಗಳು ತವರುಮನಿ ಬಿಡುವಾಗ ತಾಯಿ ಅಕ್ಕತಂಗೇರನ್ನ ತಬ್ಕೊಂಡು ಢಾವಲೋ ಹಾಡಿ ಅಳ್ತಾಳ, ಅದು ಫೋಟೋದಾಗ ಅರ್ಧಾನೇ ಬರ್ತದ, ದನಿ ಬೇಕು. ಒಂದು ಸಣ್ಣ ಆಡಿಯೋ ರೆಕಾರ್ಡರ್ ಜೇಬಿನ್ಯಾಗ ಇಟ್ಕೋರಿ, ದೂರ ನಿಂತು ಉದ್ದನ ಲೆನ್ಸ್ ಹಾಕ್ರಿ, ಆ ಹೊತ್ತಿಗೆ "ಇಕಡಿ ನೋಡಮ್ಮ" ಅಂತ ಯಾರೂ ಅನ್ನಬಾರ್ದು. ಆ ದನಿ ಮ್ಯಾಲ ಸಿನಿಮಾ ಹಾಡು ಹಾಕಿ ಮುಚ್ಚಿಬಿಡಬ್ಯಾಡ್ರಿ, ಕೈಮುಗಿದು ಹೇಳ್ತೀನಿ. ಆ ಹಾಡು ಬಲ್ಲ ಹುಡುಗೇರು ಈಗ ಕಡಿಮಿ ಆಗ್ಯಾರ.

ನಮ್ಮ ಕಡಿ ಶಾದಿಗಳಾಗ ನಿಕಾಹ್ ಹೊತ್ತಿಗೆ ಕಾಜಿ ಸಾಹೇಬ್ರು ದುಲ್ಹಾನ ಹತ್ರ ಇರ್ತಾರ, ದುಲ್ಹನ್ ಹತ್ರ ವಕೀಲರು (ಕೋರ್ಟಿನವ್ರಲ್ಲ, ಹುಡುಗಿ ಪರವಾಗಿ ಮಾತಾಡೋರು) ಸಾಕ್ಷಿದಾರರು ಹೋಗಿ ಕಬೂಲ್, ಅಂದ್ರ ಒಪ್ಪಿಗಿ, ಕೇಳ್ಕೊಂಡು ಬರ್ತಾರ, ಅಂದ್ರ ಮುಖ್ಯ ಘಟನೆ ಎರಡು ಜಾಗದಾಗ ಆಗ್ತದ, ಒಬ್ಬರೇ ಹೋದ್ರ ಒಂದು ತಪ್ಪೇ ತಪ್ತದ. ನಿಕಾಹ್ ಆದ ಮ್ಯಾಲ ಜೋಡಿನ್ನ ಎದುರಾಬದುರಾ ಕೂಡ್ಸೋ ಜಲ್ವಾ ಟೈಮಿಗೆ ಆರ್ಸಿ ಮುಸಫ್ ಅಂತ ಕನ್ನಡಿ ಒಳಗ ಇಬ್ರಿಗೂ ಮುಖ ತೋರಸ್ತಾರ, ಆಗ ಆಟೋಫೋಕಸ್ ಕನ್ನಡಿ ಅಂಚಿಗೆ ಹಿಡ್ಕೊಂಡು ಒಳಗಿನ ಮುಖ ಮಸುಕಾಗ್ತದ. ಫೋಕಸ್ ಪಾಯಿಂಟ್ ಪ್ರತಿಬಿಂಬದ ಕಣ್ಣಿನ ಮ್ಯಾಲ ಇಡ್ರಿ, ಯಾಕಂದ್ರ ಕ್ಯಾಮೆರಾದಿಂದ ಕನ್ನಡಿಗೆ, ಕನ್ನಡಿಯಿಂದ ಮುಖಕ್ಕ, ಎರಡೂ ದೂರ ಕೂಡಿದ್ದು ಫೋಕಸ್ ದೂರ.

ಬೌದ್ಧ ಪದ್ಧತಿ ಮದ್ವಿಗೆ ಹುಡುಗ ಹುಡುಗಿ ಬಿಳಿ ಬಟ್ಟಿ ಹಾಕ್ಕೊಂಡಿರ್ತಾರ, ಕ್ಯಾಮೆರಾ ಬಿಳಿ ನೋಡಿ ಎಕ್ಸ್‌ಪೋಜರ್ ಇಳಸ್ತದ, ಮುಖ ಕಪ್ಪಾಗ್ತದ, ಅದಕ್ಕ ಎಕ್ಸ್‌ಪೋಜರ್ ಅರ್ಧದಿಂದ ಒಂದು ಸ್ಟಾಪ್ (ಬೆಳಕಿನ ಅಳತಿ) ಪ್ಲಸ್ ಮಾಡ್ಕೋರಿ. ತ್ರಿಶರಣ ಪಂಚಶೀಲ ಹೇಳುವಾಗ ಎಲ್ಲಾರೂ ಕೈ ಮುಗಿದು ಕೂತಿರ್ತಾರ, ಸ್ಟೇಜ್ ಮ್ಯಾಲ ಅಡ್ಡಾಡದೆ ಒಂದು ಬಾಜೂ ಕೂತು ತೆಗೀರಿ.

ಬಣ್ಣದ ಬಗ್ಗೆ ಇಲ್ಲೇ ಒಂದು ಮಾತು. ನಮ್ಮ ಮಂದಿದು ಬಿಸಲಿಗೆ ಬೆಂದ ಮೈಬಣ್ಣ, ಅದು ಚಂದದ ಬಣ್ಣ, ಎಡಿಟಿಂಗ್‌ನ್ಯಾಗ ಎಳ್ದು ಎಳ್ದು ಬೆಳ್ಳಗ ಮಾಡಿ ಕೊಟ್ರ ಆ ಹುಡುಗಿಗೆ ನೀನು ಇದ್ದಂಗ ಇದ್ರ ನಡೆಯಂಗಿಲ್ಲ ಅಂದಂಗ ಆಗ್ತದ. ಬೆಳಕು ಸರಿಯಾಗಿ ಕೊಡ್ರಿ, ಬಣ್ಣ ಇದ್ದದ್ದು ಇದ್ದಂಗ ಬಿಡ್ರಿ.

ಜಾಗ ಹುಡುಕೋದು

ಪ್ರೀ ವೆಡ್ಡಿಂಗ್ ಅಂದ್ರ ಹಂಪಿ, ಗೋವಾ, ಹೈದ್ರಾಬಾದ್ ಅಂತಾರ. ನಮ್ಮ ಸುತ್ತಲೇ ಏನ್ ಅದ ಅಂತ ಒಂದ್ಸಲ ಕ್ಯಾಮೆರಾ ತಗೊಂಡು ಹೊರಡ್ರಿ, ಗಿರಾಕಿ ಇಲ್ದೇನೇ, ಸುಮ್ಮ. ಬೀದರ್ ಕೋಟಿ ಕೆಂಪು ಮುರ ಕಲ್ಲಿಂದು, ಸಂಜಿ ಬಿಸಲು ಅದಕ್ಕ ಬಡ್ದು ವಾಪಸ್ ಬಂದ್ರ ಮುಖದ ಮ್ಯಾಲ ಕೆಂಪು ಛಾಯಾ ಬೀಳ್ತದ, ವೈಟ್ ಬ್ಯಾಲೆನ್ಸ್ ಆಟೋ ಬಿಟ್ರ ಫೋಟೋಕ್ಕೊಂದು ಬಣ್ಣ ಬರ್ತದ, ಸುಮಾರು 5200 ಕೆಲ್ವಿನ್‌ಗೆ ಲಾಕ್ ಮಾಡ್ರಿ. 1472ರಾಗ ಕಟ್ಟಿದ ಮಹಮೂದ್ ಗಾವಾನ್ ಮದರಸಾದ ಮಿನಾರ್ ಮ್ಯಾಲ ಇನ್ನೂ ಉಳಿದಿರೋ ನೀಲಿ ಹಸಿರು ಹೆಂಚಿನ ತುಂಡು ನೋಡಿ ಮದುಮಗಳ ಸೀರಿ ಬಣ್ಣ ಆರಿಸಿದ್ದು ಅದ ನಾನು. ಕಲಬುರಗಿ ಕೋಟಿ ಒಳಗಿನ ಜಾಮಾ ಮಸೀದಿ 1367ರದ್ದು, ಬಯಲು ಅಂಗಳಾನೇ ಇಲ್ಲ, ಪೂರ್ತಿ ಮಾಳಗಿ ಮುಚ್ಚೇದ, ಬೆಳಕು ಬಾಜೂ ಕಮಾನಿನಿಂದ ಒಳಗ ಹರೀತದ, ಬೆಳಕು ಅಂದ್ರ ಏನು ಅಂತ ಕಲೀಲಿಕ್ಕೆ ಅದಕ್ಕಿಂತ ಛಲೋ ಶಾಲಿ ನನಗ ಗೊತ್ತಿಲ್ಲ. ಆದ್ರ ಕಲೀಲಿಕ್ಕೆ ಹೋಗ್ರಿ, ಪೋಸ್ ಕೊಡಸ್ಲಿಕ್ಕೆ ಅಲ್ಲ. ಗುಡಿ, ಮಸೀದಿ, ದರ್ಗಾ, ಗುರುದ್ವಾರ, ಝರಣಿ ನರಸಿಂಹನ ನೀರಿನ ಗುಹಿ, ಇಂಥಲ್ಲಿ ಪ್ರೀ ವೆಡ್ಡಿಂಗ್ ಪೋಸ್ ಬ್ಯಾಡವೇ ಬ್ಯಾಡ.

ಪುರಾತತ್ವ ಇಲಾಖೆ ಕೈಯಾಗಿರೋ ಜಾಗದಾಗ ಕೈಯಾಗ ಕ್ಯಾಮೆರಾ ಹಿಡ್ಕೊಂಡು ಫೋಟೋ ತೆಗ್ಯೋದು ಬ್ಯಾರೆ, ಟ್ರೈಪಾಡ್ ಲೈಟು ಬಟ್ಟಿ ಬದಲಿ ಅಂತ ಶೂಟಿಂಗ್ ಮಾಡೋದು ಬ್ಯಾರೆ. ಎರಡನೇದಕ್ಕ ಲಿಖಿತ ಪರ್ಮಿಷನ್ ಬೇಕು, ಮುಂಚಿತವಾಗಿ ಅರ್ಜಿ ಕೊಡ್ರಿ. ಪರ್ಮಿಷನ್ ಇಲ್ದೆ ಕರ್ಕೊಂಡು ಹೋಗಿ ಗೇಟ್‌ನ್ಯಾಗ ವಾಚ್‌ಮನ್ ನಿಲ್ಲಿಸಿದ್ರ ಮರ್ಯಾದಿ ಹೋಗೋದು ನಿಮ್ದು, ಮೇಕಪ್ ಹಾಳಾಗೋದು ಆ ಹುಡುಗಿದು.

ಪರ್ಮಿಷನ್ ತಲಿಬಿಸಿ ಇಲ್ಲದ ಜಾಗಾನೂ ಭಾಳ ಅವ, ಮನಿಯವ್ರದ್ದೇ ಹೊಲ ಎಲ್ಲಕ್ಕಿಂತ ಮೊದ್ಲು. ಅಕ್ಟೋಬರ್ ನವೆಂಬರ್‌ನ್ಯಾಗ ತೊಗರಿ ಹೂ, ಜನವರಿ ಹೊತ್ತಿಗೆ ತೆನಿ ಹಿಡಿದ ಬಿಳಿಜೋಳ. ನಮ್ಮ ತೊಗರಿಗೆ 2019ರಾಗ ಜಿಐ ಟ್ಯಾಗ್ (ಈ ಊರಿನದ್ದೇ ಅನ್ನೋ ಸರ್ಕಾರಿ ಗುರ್ತು) ಬಂದದ, ನಮ್ಮ ಗುರುತೇ ಅದು, ಅದನ್ನ ಫೋಟೋದಾಗ ಯಾಕ ತರಬಾರ್ದು. ಎಳ್ಳ ಅಮಾಸಿ ದಿನ ನಿಶ್ಚಯ ಆಗಿರೋ ಜೋಡಿ ಮನಿಯವ್ರು ಹೊಲಕ್ಕ ಹೋಗ್ತಾರ, ಚರಗ (ಭೂತಾಯಿಗೆ ಎಡಿ) ಚೆಲ್ತಾರ, ಸಜ್ಜಿ ರೊಟ್ಟಿ ಭಜ್ಜಿ ಉಣ್ತಾರ, ಅವತ್ತು ಅವ್ರ ಜೋಡಿ ಅರ್ಧ ದಿನ ಇದ್ದುಬಿಡ್ರಿ, ಪೋಸ್ ಏನೂ ಹೇಳಬ್ಯಾಡ್ರಿ, ಅಂಥ ಫೋಟೋ ಯಾವ ರೆಸಾರ್ಟ್‌ನ್ಯಾಗೂ ಸಿಗಂಗಿಲ್ಲ. ಶಹಾಪುರದ ಬುದ್ಧ ಮಲಗಿದಂಗ ಕಾಣೋ ಗುಡ್ಡ ಎಲ್ಲಾರಿಗೂ ಗೊತ್ತು, ಆದ್ರ ಮೊಬೈಲ್‌ನ್ಯಾಗ ಸಣ್ಣಂದು ಕಾಣ್ತದ, ಜೋಡಿನ್ನ ನಿಲ್ಸಿ ನೀವು ಐವತ್ತು ಅರವತ್ತು ಹೆಜ್ಜಿ ಹಿಂದ ಹೋಗಿ 200 ಎಂಎಂ ಹಾಕ್ರಿ, ಗುಡ್ಡ ಅವ್ರ ಬೆನ್ನಿಗೇ ಬಂದು ನಿಂತಂಗ ದೊಡ್ಡದಾಗ್ತದ. ಸುರಪುರದ ಬೆಟ್ಟ ಬಂಡಿ, ತಿಂಥಣಿ ಹತ್ರ ಕೃಷ್ಣಾ ನದಿ ದಂಡಿ, ಬಸವಕಲ್ಯಾಣ ಕಡಿ ದಾರಿ, ಹುಡುಕಿದಷ್ಟೂ ಅದ. ಯಾದಗಿರಿ ಕೋಟಿ ಹತ್ತಸೋದಿದ್ರ ನಸುಕಿನ್ಯಾಗೇ ಹೋಗ್ರಿ, ಭಾರ ಸೀರಿ ಮ್ಯಾಲ ಹೋಗಿ ಉಡ್ಸೋ ಹಂಗ ಪ್ಲಾನ್ ಮಾಡ್ರಿ.

ಟೈಮ್ ಲೆಕ್ಕ ಹೇಳ್ತೀನಿ. ನವೆಂಬರ್‌ನ್ಯಾಗ ನಮ್ಮಲ್ಲಿ ಹೊತ್ತು ಮುಳುಗೋದು ಪೌಣೆ ಆರಕ್ಕ, ಮೇ ತಿಂಗಳದಾಗ ಪೌಣೆ ಏಳರ ಸುಮಾರಿಗೆ. ಅದಕ್ಕಿಂತ ಒಂದು ತಾಸು ಮೊದ್ಲು ಜೋಡಿ ರೆಡಿಯಾಗಿ ಜಾಗದಾಗ ಇರ್ಬೇಕು, ಅಂದ್ರ ಮೇಕಪ್‌ನವ್ರಿಗೆ ಎಷ್ಟಕ್ಕ ಹೇಳ್ಬೇಕು ಅನ್ನೋದು ಹಿಂದಕ್ಕ ಎಣಿಸ್ರಿ.

ಡ್ರೋನ್ ಬಗ್ಗೆ ಸೀದಾ ಹೇಳ್ತೀನಿ. ಬೀದರ್‌ನ್ಯಾಗ ವಾಯುಪಡೆ ನಿಲ್ದಾಣ ಅದ, ಕಲಬುರಗಿಯಾಗ 2019ರಾಗ ಸುರುವಾದ ವಿಮಾನ ನಿಲ್ದಾಣ ಅದ. 2021ರ ಡ್ರೋನ್ ನಿಯಮದ ಪ್ರಕಾರ ಹಸಿರು ವಲಯದಾಗ 400 ಅಡಿ ತನಕ, ಹಳದಿ ಕೆಂಪು ವಲಯದಾಗ ಪರ್ಮಿಷನ್ ಇಲ್ದೆ ಹಾರಸಂಗಿಲ್ಲ, 250 ಗ್ರಾಂಗಿಂತ ಹೆಚ್ಚಿನದ್ದು ರೊಕ್ಕದ ಕೆಲಸಕ್ಕ ಹಾರಸೋದಿದ್ರ ನೋಂದಣಿ ಮತ್ತ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. ಹಾರಿಸೋ ಮೊದ್ಲು ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪ್ ತೆಗ್ದು ಆ ಜಾಗ ಯಾವ ವಲಯದಾಗ ಅದ ನೋಡ್ರಿ. ಸರ್ಟಿಫಿಕೇಟ್ ಇದ್ದವ್ರನ್ನ ಬಾಡಗಿಗೆ ಕರಿಯೋದೇ ಹೆಚ್ಚಿನ ಮಂದಿಗೆ ಛಲೋ.

ಬಿಸಲು, ಲೈಟು, ಕಾರ್ಡು

ಕ್ಯಾಮೆರಾ ಮ್ಯಾನುಯಲ್ ತೆಗ್ದು ನೋಡ್ರಿ, ಹೆಚ್ಚಿನವು 40 ಡಿಗ್ರಿ ತನಕ ಅಷ್ಟೇ ಅಂತ ಬರ್ದಿರ್ತಾರ. ನಮ್ಮ ಏಪ್ರಿಲ್ ಮೇ 40 ದಾಟೇ ಇರ್ತದ, ಮದ್ವಿ ಇರೋದೂ ಆವಾಗೇ. ಮಧ್ಯಾಹ್ನ ಹಂದರದಾಗ 4ಕೆ ವಿಡಿಯೋ ಒಂದೇ ಸವನ ಓಡಿಸಿದ್ರ ಕ್ಯಾಮೆರಾ ಬಂದ್ ಬೀಳ್ತದ. ಎರಡು ಬಾಡಿ ಬದಲಿಸಿ ಬದಲಿಸಿ ಬಳಸ್ರಿ, ಹುಡುಗರ ಕೈಲೆ ಛತ್ರಿ ಹಿಡಸ್ರಿ, ಬ್ಯಾಟರಿ ಗಾಡಿ ಡ್ಯಾಶ್‌ಬೋರ್ಡ್ ಮ್ಯಾಲ ಬಿಡಬ್ಯಾಡ್ರಿ.

ಹಂದರದ ಬಟ್ಟಿ ಕೆಂಪು ಹಳದಿ ಇದ್ರ ಅದಕ್ಕ ಫ್ಲ್ಯಾಶ್ ಬಡಿದು ವಾಪಸ್ ಬರಂಗ ಬೌನ್ಸ್ ಮಾಡಬ್ಯಾಡ್ರಿ, ಎಲ್ಲಾರ ಮುಖ ಕಾಮಾಲಿ ಹತ್ತಿದಂಗ ಬರ್ತದ, ಒಂದು ಬಿಳಿ ಛತ್ರಿ ಅಥವಾ ಸಾಫ್ಟ್‌ಬಾಕ್ಸ್ ಸಾಕು. ಹಾಲ್‌ನ್ಯಾಗ ಅಗ್ಗದ ಎಲ್‌ಇಡಿ ಲೈಟು ಮಿಣುಕೋದ್ರಿಂದ ಪಟ್ಟಿ ಪಟ್ಟಿ ಬರ್ತದಲ್ಲ, ನಮ್ಮ ಕರೆಂಟ್ 50 ಹರ್ಟ್ಜ್ ಇರೋದ್ರಿಂದ ಶಟರ್ 1/50 ಇಲ್ಲಾ 1/100 ಇಟ್ರ ಭಾಳಷ್ಟು ಕಡಿಮಿ ಆಗ್ತದ. ಎಲ್‌ಇಡಿ ವಾಲ್ ಇದ್ರ ಮಾತ್ರ ಅದು ಬ್ಯಾರೆ ಲೆಕ್ಕ, ಟೆಸ್ಟ್ ಶಾಟ್ ತೆಗ್ದು ಶಟರ್ ಹೊಂದಸ್ರಿ.

ಇನ್ನ ಕಾರ್ಡು. ಜೇವರ್ಗಿ ಕಡಿ ಒಂದು ಹಳ್ಳಿ ಮದ್ವಿಯಾಗ ನನ್ನ ಕಾರ್ಡು ಎರರ್ ತೋರಿಸ್ತು, ಆವಾಗ ನನ್ನ ಹತ್ರ ಒಂದೇ ಸ್ಲಾಟ್ ಇರೋ ಕ್ಯಾಮೆರಾ, ತಾಳಿ ಕಟ್ಟಿದ್ದು ಅಕ್ಕಿಕಾಳು ಬಿದ್ದಿದ್ದು ಎಲ್ಲಾ ಅದರಾಗೇ. ರಿಕವರಿ ಮಾಡ್ಸಿದ್ರೂ ಅರ್ಧ ಬಂತು. ಹುಡುಗಿ ಅಪ್ಪನ ಮುಂದ ನಿಂತು ಹೇಳಿದೆ, ಪೂರಾ ರೊಕ್ಕ ವಾಪಸ್ ಕೊಟ್ಟೆ, ಅವ್ರು ಒಂದು ಮಾತೂ ಅನ್ಲಿಲ್ಲ, ಅದು ಇನ್ನೂ ಚುಚ್ತದ. ಅವತ್ತಿಂದ ಎರಡು ಸ್ಲಾಟ್, ಎರಡೂ ಕಾರ್ಡಿಗೆ ಒಟ್ಟಿಗೇ ರೆಕಾರ್ಡ್. ಮನಿಗೆ ಬಂದ ರಾತ್ರಿನೇ ಎರಡು ಹಾರ್ಡ್ ಡಿಸ್ಕಿಗೆ ಕಾಪಿ, ಒಂದು ಡಿಸ್ಕ್ ಬ್ಯಾರೆ ಮನಿಯಾಗ, ಆಲ್ಬಂ ಕೈಗೆ ಕೊಡೋ ತನಕ ಕಾರ್ಡ್ ಫಾರ್ಮ್ಯಾಟ್ ಇಲ್ಲ. 24 ಮೆಗಾಪಿಕ್ಸೆಲ್ ರಾ ಫೈಲ್ (ಕ್ಯಾಮೆರಾದ ಮೂಲ ಫೈಲ್) ಒಂದು ಸುಮಾರು 25ರಿಂದ 30 ಎಂಬಿ, ಮೂರು ಸಾವಿರ ಫೋಟೋ ಅಂದ್ರ 75-90 ಜಿಬಿ, 100 ಎಂಬಿಪಿಎಸ್ ವಿಡಿಯೋ ತಾಸಿಗೆ 45 ಜಿಬಿ, ಈ ಲೆಕ್ಕ ಹಿಡ್ಕೊಂಡೇ ಡಿಸ್ಕ್ ಖರ್ಚು ಬಿಲ್‌ನ್ಯಾಗ ಸೇರಸ್ರಿ.

ಏನೇನು ಮಾರಬಹುದು

ಪ್ಯಾಕೇಜ್ ಅಂದ್ರ ಎರಡು ಕ್ಯಾಮೆರಾ, ಒಂದು ಡ್ರೋನ್, ಒಂದು 12x36 ಆಲ್ಬಂ ಅಷ್ಟೇನಾ. ನಾನು ಮಾಡಿ ನೋಡಿದ್ದು ಒಂದೆರಡು ಹೇಳ್ತೀನಿ.

ಹಿರಿಯರ ಮೂಲಿ. ಮದ್ವಿ ಮನಿಯಾಗ ಒಂದು ಕಿಟಕಿ ಬಾಜೂ ಕುರ್ಚಿ ಹಾಕಿ ಹಿಂದ ಒಂದು ಕೌದಿ ಕಟ್ರಿ. ಬಂದ ಅಜ್ಜ ಅಜ್ಜಿ ಎಲ್ಲಾರನ್ನೂ ಐದೈದು ನಿಮಿಷ ಕೂಡ್ಸಿ ಒಂದೊಂದು ಛಲೋ ಪೋರ್ಟ್ರೇಟ್ ತೆಗೀರಿ, ಪಟಗಾ ಸುತ್ಕೊಂಡ ಅಜ್ಜಂದಿರು, ಮೂಗುತಿ ಹಾಕಿದ ಅಜ್ಜಿಯರು. ಎಷ್ಟೋ ಹಿರಿಯರದ್ದು ಆಧಾರ್ ಕಾರ್ಡಿನ ಫೋಟೋ ಬಿಟ್ರ ಬ್ಯಾರೆ ಫೋಟೋನೇ ಇರಂಗಿಲ್ಲ. ಜೋಡಿಗೆ ಆಶೀರ್ವಾದದ ಮಾತು ಅವ್ರ ದನಿಯಾಗೇ ಅರ್ಧ ನಿಮಿಷ ರೆಕಾರ್ಡ್ ಮಾಡ್ರಿ, ಸೋಬಾನ ಪದ ಬಂದ್ರ ಹಾಡಸ್ರಿ. ಆಲ್ಬಂ ಕೊನಿಗೆ ನಾಕು ಪುಟ ಇವ್ರದ್ದೇ.

ಬಿದರಿ ಆಲ್ಬಂ. ಬೀದರ್‌ನ ಕುಶಲಕರ್ಮಿಗಳ ಹತ್ರ ಹೋಗಿ ಅಂಗೈ ಅಗಲದ ಬಿದರಿ ತಗಡು ಮಾಡಸ್ರಿ, ಕರಿ ಲೋಹದ ಮ್ಯಾಲ ಬೆಳ್ಳಿ ತಂತಿಯಿಂದ ಜೋಡಿ ಹೆಸರು ತಾರೀಕು, ಅದನ್ನ ಆಲ್ಬಂ ಪೆಟ್ಟಿಗಿ ಮ್ಯಾಲ ಕೂಡಸ್ರಿ. ಸತು ತಾಮ್ರದ ಆ ಲೋಹಕ್ಕ ಕೋಟಿ ಮಣ್ಣು ಹಚ್ಚಿ ಕಪ್ಪು ಬಣ್ಣ ಬರಸ್ತಾರ ಅಂತ ಗಿರಾಕಿಗೆ ಹೇಳ್ರಿ. ಪ್ಲಾಸ್ಟಿಕ್ ಆಕ್ರಿಲಿಕ್ ಕವರ್‌ಗಿಂತ ರೇಟ್ ಹೆಚ್ಚು ಆಗ್ತದ ಖರೇ, ಆದ್ರ ಮನಿಯಾಗ ಮೂರು ತಲಿ ಉಳೀತದ, ನಮ್ಮ ಕಸಬುದಾರರಿಗೂ ಕೆಲಸ ಸಿಗ್ತದ. ಕೈಕೆಲಸ, ಟೈಮ್ ಹಿಡೀತದ, ಎರಡು ತಿಂಗಳು ಮೊದ್ಲೇ ಆರ್ಡರ್ ಕೊಡ್ರಿ.

ಲೈವ್ ಕೂಡ ಬೇಡಿಕಿ ಇರೋದೇ. ನಮ್ಮ ಮಂದಿ ದುಡೀಲಿಕ್ಕೆ ಮುಂಬೈ ಪುಣೆ ಬೆಂಗಳೂರು ಗಲ್ಫ್ ತನಕ ಹೋಗ್ಯಾರ, ರಜಾ ಸಿಗದ ಅಣ್ಣ ತಮ್ಮ ಅಲ್ಲೇ ಕೂತು ತಂಗಿ ಮದ್ವಿ ನೋಡ್ತಾರ. ಯೂಟ್ಯೂಬ್ ಅನ್‌ಲಿಸ್ಟೆಡ್ ಲಿಂಕ್, ಎರಡು ಬ್ಯಾರೆ ಕಂಪನಿ ಸಿಮ್, ಹಳ್ಳಿ ಇದ್ರ ಹಿಂದಿನ ದಿನ ಹೋಗಿ ಸಿಗ್ನಲ್ ಚೆಕ್. ಹಿಂದ ಸಿನಿಮಾ ಹಾಡು ಬಂದ್ರ ಕಾಪಿರೈಟ್ ಅಂತ ಲೈವ್ ನಿಂತುಹೋಗಬಹುದು, ಡಿಜೆ ಹೊತ್ತಿಗೆ ಆಡಿಯೋ ತಗ್ಸಿಡ್ರಿ. ರೀಲ್ ಸಲುವಾಗಿ ಒಬ್ಬ ಹುಡುಗನ್ನ ಬರೇ ಮೊಬೈಲ್‌ಗೇ ಇಟ್ಟು ಅವತ್ತೇ ರಾತ್ರಿ ಒಂದು ನಿಮಿಷದ್ದು ಕೊಟ್ಟುಬಿಡ್ರಿ.

ಹೆಣ್ಮಕ್ಕಳಿಗೆ ಕ್ಯಾಮೆರಾ ಕೊಡ್ರಿ

ನಮ್ಮ ಕಡಿ ಅತಿ ದೊಡ್ಡ ಅವಕಾಶ ಇದೇ ಅಂತ ನಾನು ಗಟ್ಟಿಯಾಗಿ ನಂಬೀನಿ. ಪರ್ದಾ ಇರೋ ಶಾದಿಯಾಗ ಜನಾನಾ, ಅಂದ್ರ ಹೆಣ್ಮಕ್ಕಳ ಕಡಿ ಗಂಡು ಫೋಟೋಗ್ರಾಫರ್ ಹೋಗಂಗಿಲ್ಲ, ಅರ್ಧ ಮದ್ವಿ ಮೊಬೈಲ್ ಫೋಟೋದಾಗೇ ಮುಗೀತದ. ಲಿಂಗಾಯತ, ಮರಾಠಾ, ಲಂಬಾಣಿ ಯಾವ ಮನಿಯಾಗೇ ಆಗ್ಲಿ ಸುರಗಿ ನೀರು, ಅರಿಷಿಣ, ಸೀರಿ ಉಡ್ಸೋದು, ಕುಬಸ, ಇಲ್ಲೆಲ್ಲಾ ಹೆಣ್ಣುಮಗಳು ಕ್ಯಾಮೆರಾ ಹಿಡಿದ್ರ ಮಂದಿ ಮುಖಾನೇ ಬ್ಯಾರೆ ಆಗ್ತದ, ನಗ್ತಾರ, ಬಿಚ್ಕೊಂಡು ಮಾತಾಡ್ತಾರ. ನನ್ನ ಹತ್ರ ಇಬ್ರು ಹುಡುಗೇರು ಕಲ್ತಾರ, ಸುರುವಾತಿಗೆ ಅವ್ರ ಮನಿಯವ್ರು ರಾತ್ರಿ ಕೆಲಸ ಅಂತ ಹಿಂದ ಮುಂದ ನೋಡಿದ್ರು. ನಾನು ಮಾಡಿದ್ದು ಇಷ್ಟು: ಇಬ್ರನ್ನೂ ಜೋಡಿಯಾಗೇ ಕಳಸೋದು, ಹೋಗಿ ಬರೋ ಗಾಡಿ ನಮ್ದೇ, ಮದ್ವಿ ಮನಿ ಹೆಣ್ಮಕ್ಕಳ ನಂಬರ್ ಮೊದ್ಲೇ ಅವ್ರ ಮನಿಗೆ ಕೊಡೋದು, ಪಗಾರ ಗಂಡುಹುಡುಗರಷ್ಟೇ. ಈಗ ಅವ್ರನ್ನೇ ಕಳಸ್ರಿ ಅಂತ ಕೇಳ್ಕೊಂಡು ಬುಕಿಂಗ್ ಬರ್ತಾವ. ಹೆಣ್ಮಕ್ಕಳ ಕಡಿ ತೆಗ್ದ ಫೋಟೋ ಬ್ಯಾರೆ ಡಿಸ್ಕಿನ್ಯಾಗ ಇಟ್ಟು ಎಡಿಟಿಂಗೂ ಹೆಣ್ಮಕ್ಕಳ ಕೈಲೇ ಮಾಡ್ಸಿ, ಒಂದೂ ಫೋಟೋ ಇನ್‌ಸ್ಟಾಗ್ರಾಂಗೆ ಹಾಕಬ್ಯಾಡ್ರಿ, ಮಾತು ಕೊಟ್ಟಿದ್ದು ಮಾತೇ.

ರೇಟು ಮತ್ತ ಕಾಗದ

ಬಾಜೂ ಅಂಗಡಿಯವ ಎಷ್ಟು ಹೇಳ್ತಾನ ಅದಕ್ಕಿಂತ ಎರಡು ಸಾವಿರ ಕಡಿಮಿ ಅನ್ನೋ ರೇಟ್ ಹಾಕಿದ್ರ ಇಬ್ರೂ ಮುಳುಗ್ತೀರಿ. ಕೂತು ಲೆಕ್ಕ ಹಾಕ್ರಿ. ಉದಾಹರಣೆಗೆ ಕ್ಯಾಮೆರಾ ಲೆನ್ಸ್ ಕೂಡಿ 3 ಲಕ್ಷ, ನಾಕು ವರ್ಷ ಬಾಳ್ತದ, ವರ್ಷಕ್ಕ 40 ಪ್ರೋಗ್ರಾಂ ಅಂದ್ರ 160, ಒಂದೊಂದು ಪ್ರೋಗ್ರಾಂಗೆ 1875 ರೂಪಾಯಿ ಬರೇ ಸಾಮಾನಿನ ಸವಕಳಿ. ಇದ್ರ ಮ್ಯಾಲ ಹುಡುಗರ ಪಗಾರ, ಪೆಟ್ರೋಲ್, ಡಿಸ್ಕ್, ಆಲ್ಬಂ ಲ್ಯಾಬ್ ಖರ್ಚು, ಎಡಿಟಿಂಗ್‌ಗೆ ಕೂತ ನಿಮ್ಮ ದಿನಗಳು. ಎಲ್ಲಾ ಕೂಡಿಸಿದ ಮ್ಯಾಲ ಬರೋದು ಅಸಲು, ಲಾಭ ಅದ್ರ ಮ್ಯಾಲ.

ಅಗ್ರಿಮೆಂಟ್ ಒಂದೇ ಪುಟ ಇರ್ಲಿ, ಕನ್ನಡದಾಗೇ ಇರ್ಲಿ. ತಾರೀಕು, ಜಾಗ, ಎಷ್ಟು ತಾಸು, ಎಷ್ಟು ಮಂದಿ, ಏನು ಕೊಡ್ತೀವಿ ಯಾವಾಗ ಕೊಡ್ತೀವಿ, ಅಡ್ವಾನ್ಸ್ ಎಷ್ಟು, ಮದ್ವಿ ಮುಂದ ಹೋದ್ರ ಏನು. ಇದರಾಗ ಒಂದು ಸಾಲು ಭಾಳ ಮಂದಿಗೆ ಗೊತ್ತಿಲ್ಲ: 1957ರ ಕಾಪಿರೈಟ್ ಕಾಯ್ದೆ 17ನೇ ಕಲಂ ಪ್ರಕಾರ ರೊಕ್ಕ ಕೊಟ್ಟು ಹೇಳಿ ತೆಗ್ಸಿದ ಫೋಟೋಕ್ಕ, ಬ್ಯಾರೆ ಕರಾರು ಇಲ್ಲಾಂದ್ರ, ತೆಗ್ಸಿದವ್ರೇ ಮೊದಲ ಮಾಲೀಕರು, ತೆಗ್ದವ್ರಲ್ಲ. ಅಂದ್ರ ನಿಮ್ಮ ಪೇಜಿಗೆ, ಅಂಗಡಿ ಬೋರ್ಡಿಗೆ ಅವ್ರ ಫೋಟೋ ಹಾಕೋದಿದ್ರ ಅಗ್ರಿಮೆಂಟ್‌ನ್ಯಾಗ ಬರ್ಸ್ಕೊಂಡು ಸಹಿ ತಗೋರಿ. ಬ್ಯಾಡ ಅಂದವ್ರಿಗೆ ಬ್ಯಾಡ.

ಸಣ್ಣ ಧಂದೆಯವ್ರಿಗೆ ಸರ್ಕಾರದ ಉದ್ಯಮ್ ನೋಂದಣಿ ಪುಕ್ಕಟ ಅದ, ಆಧಾರ್ ಪ್ಯಾನ್ ಇದ್ರ ನೀವೇ ಮಾಡ್ಕೋಬಹುದು, ಯಾರಿಗೂ ರೊಕ್ಕ ಕೊಡಬ್ಯಾಡ್ರಿ. ಸಾಮಾನಿಗೆ ಸಾಲ ಬೇಕಾದ್ರ ಬ್ಯಾಂಕಿನ್ಯಾಗ ಸರ್ಕಾರದ ಮುದ್ರಾ ಯೋಜನೆ ಸಾಲ ಕೇಳ್ರಿ, ಶಿಶು 50 ಸಾವಿರ ತನಕ, ಕಿಶೋರ್ 5 ಲಕ್ಷ ತನಕ. ವರ್ಷದ ವಹಿವಾಟು 20 ಲಕ್ಷ ದಾಟಿದ್ರ ಜಿಎಸ್‌ಟಿ ಆಗ್ಬೇಕು.

ವರ್ಷದ ಮ್ಯಾಲ ಒಂದ್ಸಲ ವಾಪಸ್ ಹೋಗ್ರಿ

ಆಷಾಢದಾಗ ನಾನು ಮಾಡೋ ಕೆಲಸ ಇದು. ಹೋದ ವರ್ಷದ ಮದ್ವಿಗಳ ಡಿಸ್ಕ್ ತೆಗ್ದು, ಒಂದೊಂದು ಮನಿಗೆ ಒಂದೇ ಫೋಟೋ ಆರಸ್ತೀನಿ, ಜೋಡಿದಲ್ಲ, ಆ ಮನಿ ಹಿರಿಯರದ್ದು, ಕೌದಿ ಮುಂದ ಕೂಡ್ಸಿ ತೆಗ್ದಿದ್ದು. 8x10 ಪ್ರಿಂಟ್, ಸಾದಾ ಕಟ್ಟಿಗಿ ಫ್ರೇಮ್, ಬಿಲ್ ಇಲ್ಲ. ಕೆಲವು ಮನಿಗೆ ಹೋಗೋದ್ರೊಳಗ ಆ ಅಜ್ಜ ಇರಂಗಿಲ್ಲ, ಅದೇ ಫೋಟೋಕ್ಕ ಹಾರ ಹಾಕ್ತಾರ. ಅಂಥಲ್ಲಿ ಏನೂ ಮಾತಾಡ್ದೆ ಕೂತು ಬರ್ತೀನಿ. ಉಳಿದ ಮನಿಯಾಗ ಮೊಳಿ ಹೊಡ್ದು ನಾನೇ ಗ್ವಾಡಿಗೆ ತೂಗುಹಾಕ್ತೀನಿ, ಅಷ್ಟೊತ್ತಿಗೆ ಚಹಾ ಬಂದಿರ್ತದ, ಒಳಗಿಂದ ಯಾರೋ ಬಂದು "ಮುಂದಿನ ತಿಂಗಳು ಕುಬಸ ಅದ ನೋಡ್ರಿ, ತಾರೀಕು ಬರ್ಕೋರಿ" ಅಂತಾರ. ಡೈರಿ ಒಯ್ಯೋದು ಮರೀಬ್ಯಾಡ್ರಿ.